ಡ್ಯಾಶ್‌ಕ್ಯಾಮ್‌ಗೆ ಪೋಲರೈಸಿಂಗ್ ಫಿಲ್ಟರ್ ಹಾಕಿದರೂ ಗಾಜಿನ ಪ್ರತಿಫಲನ ಪೂರ್ತಿ ಹೋಗುತ್ತಿಲ್ಲ: ಎಷ್ಟು ತಿರುಗಿಸಬೇಕು, ಎಷ್ಟು ಸಲ ತಿರುಗಿಸಬೇಕು?

ಪ್ರಶ್ನೆ: ಮಂಡ್ಯ_ಪಯಣಿಗ

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಮುಂದಿನ ಗಾಜಿಗೆ, ಒಳಗನ್ನಡಿಯ ಎಡಮಗ್ಗುಲಲ್ಲಿ, ಡ್ಯಾಶ್‌ಕ್ಯಾಮ್ ಅಂಟಿಸಿದ್ದೇನೆ. ಡ್ಯಾಶ್‌ಬೋರ್ಡಿನ ಮೇಲ್ಮೈ ಕೆನೆಬಣ್ಣದ್ದು. ಮುಂಜಾನೆ ಹೊರಟರೆ ವಿಡಿಯೊ ಸ್ವಚ್ಛವಾಗಿ ಬರುತ್ತದೆ. ಆದರೆ ಬಿಸಿಲೇರಿದ ಮೇಲೆ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ದಾಖಲಾದ ಯಾವ ದೃಶ್ಯವನ್ನು ನೋಡಿದರೂ ರಸ್ತೆಯ ಮೇಲೆ ಡ್ಯಾಶ್‌ಬೋರ್ಡಿನ ಪ್ರತಿಬಿಂಬ ಬಿಳಿಚಾಗಿ ಬಿದ್ದಿರುತ್ತದೆ. ಏಸಿಯ ಗಾಳಿಕಿಂಡಿಯ ಗೆರೆಗಳು, ಮಧ್ಯದಲ್ಲಿಟ್ಟಿರುವ ಪುಟ್ಟ ಗಣಪತಿ, ಒಮ್ಮೊಮ್ಮೆ ನಾನು ಅಲ್ಲಿ ಮರೆತುಬಿಟ್ಟ ಪಾರ್ಕಿಂಗ್ ಚೀಟಿ, ಎಲ್ಲವೂ ತಲೆಕೆಳಗಾಗಿ ಮುಂದಿನ ವಾಹನದ ಮೇಲೆ ಕಾಣುತ್ತವೆ. ಆಕಾಶವಿರುವ ಕಡೆ ತೊಂದರೆ ಅಷ್ಟಾಗಿ ತಿಳಿಯುವುದಿಲ್ಲ. ಕಪ್ಪು ಬಣ್ಣದ ಕಾರೋ ಮರದ ನೆರಳೋ ಎದುರಾದಾಗ ಮಾತ್ರ ನಂಬರ್ ಪ್ಲೇಟ್ ಓದಲು ಸಾಧ್ಯವೇ ಆಗುವುದಿಲ್ಲ.

ಇದಕ್ಕೆ ಪರಿಹಾರವೆಂದು ಸಿಪಿಎಲ್ (ಸರ್ಕ್ಯುಲರ್ ಪೋಲರೈಸರ್) ಫಿಲ್ಟರ್ ತರಿಸಿ ಲೆನ್ಸಿನ ಮುಂದೆ ಕೂರಿಸಿದ್ದೇನೆ. ಅದರ ಹೊರಬಳೆ ತಿರುಗುತ್ತದೆ, ತಿರುಗಿಸಿದಾಗ ಪ್ರತಿಬಿಂಬ ಹೆಚ್ಚು ಕಡಿಮೆಯಾಗುವುದೂ ಕಾಣುತ್ತದೆ. ಆದರೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಯಾವುದು ಸರಿಯಾದ ಸ್ಥಾನವೆಂದು ಗೊತ್ತಾಗುತ್ತಿಲ್ಲ. ಫೋಟೊ ತೆಗೆಯುವ ಸ್ನೇಹಿತರೊಬ್ಬರು, ಸೂರ್ಯ ಎಲ್ಲಿದ್ದಾನೆ ಎಂಬುದನ್ನು ನೋಡಿಕೊಂಡು ಪ್ರತಿ ಸಲವೂ ತಿರುಗಿಸಬೇಕು ಎಂದರು. ದಿಕ್ಕು ಬದಲಾದಾಗಲೆಲ್ಲ ಗಾಡಿ ನಿಲ್ಲಿಸಿ ಬಳೆ ತಿರುಗಿಸುವುದು ಆಗುವ ಮಾತೇ? ಇದಕ್ಕೆ ಒಂದು ಸ್ಥಿರವಾದ ಸ್ಥಾನ ಇದೆಯೇ, ಇದ್ದರೆ ಅದನ್ನು ನಿಖರವಾಗಿ ಕಂಡುಕೊಳ್ಳುವ ಕ್ರಮವೇನು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಗೇರ್‌ಬಾಕ್ಸ್_ಹಾಸನ

ನಮಸ್ಕಾರ ಸರ್. ಮೊದಲಿಗೆ ನಿಮ್ಮ ಸ್ನೇಹಿತರ ಮಾತಿನ ಬಗ್ಗೆ. ಅವರು ಹೇಳಿದ್ದು ಕೈಯಲ್ಲಿ ಕ್ಯಾಮೆರಾ ಹಿಡಿದು ಆಕಾಶವನ್ನೋ ಕೆರೆಯನ್ನೋ ತೆಗೆಯುವವರಿಗೆ ಸರಿ. ನೀಲಿ ಆಕಾಶವನ್ನು ಗಾಢವಾಗಿಸಬೇಕಾದರೆ ಸೂರ್ಯನ ಸ್ಥಾನ ಮುಖ್ಯವಾಗುತ್ತದೆ. ನಮಗೆ ಬೇಕಾಗಿರುವುದು ಆಕಾಶದ ಬಣ್ಣವಲ್ಲ. ಒಂದೇ ಒಂದು ಗಾಜಿನಿಂದ, ಒಂದೇ ಕೋನದಲ್ಲಿ ಲೆನ್ಸಿಗೆ ಬರುತ್ತಿರುವ ಬೆಳಕನ್ನು ತಡೆಯುವುದು. ಗಾಜೂ ಕ್ಯಾಮೆರಾವೂ ಕಾರಿಗೆ ಅಂಟಿಕೊಂಡೇ ಇರುವುದರಿಂದ ಕಾರು ಯಾವ ದಿಕ್ಕಿಗೆ ತಿರುಗಿದರೂ ಅವೆರಡರ ನಡುವಿನ ಸಂಬಂಧ ಬದಲಾಗುವುದಿಲ್ಲ. ಆದ್ದರಿಂದ ಫಿಲ್ಟರನ್ನು ಒಮ್ಮೆ ಸರಿಯಾಗಿ ಕೂರಿಸಿದರೆ ಮತ್ತೆ ಮುಟ್ಟುವ ಅಗತ್ಯವಿಲ್ಲ. ಬಿಸಿಲಿನೊಂದಿಗೆ ಬದಲಾಗುವುದು ಪ್ರತಿಬಿಂಬದ ಪ್ರಖರತೆ ಮಾತ್ರ. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಭಾಗದಲ್ಲಿ ನಡುಹಗಲಿನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ, ಆಗ ಡ್ಯಾಶ್‌ಬೋರ್ಡಿನ ಮೇಲೆ ಬೀಳುವ ಬಿಸಿಲಿಗೆ ಮಿತಿಯೇ ಇರುವುದಿಲ್ಲ. ಹಾಗಾಗಿ ಸರಿಮಾಡುವ ಕೆಲಸಕ್ಕೆ ನಡುಹಗಲೇ ಒಳ್ಳೆಯ ಹೊತ್ತು.

ಫಿಲ್ಟರ್ ತಿರುಗಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿ, ಹೊಳಪಿಲ್ಲದ ಕಪ್ಪು ಬಟ್ಟೆಯೊಂದನ್ನು ಡ್ಯಾಶ್‌ಬೋರ್ಡಿನ ಮೇಲೆ ಪೂರ್ತಿಯಾಗಿ ಹಾಸಿ, ವಿಡಿಯೊ ನೋಡಿ. ಮಬ್ಬು ಮಾಯವಾದರೆ ಅದು ಪ್ರತಿಫಲನ. ಬಟ್ಟೆ ಹಾಸಿದ ಮೇಲೂ ಮಬ್ಬು ಉಳಿದರೆ ಅದು ಗಾಜಿನ ಕೊಳೆ, ಅದಕ್ಕೆ ಯಾವ ಫಿಲ್ಟರೂ ಮದ್ದಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್ಕಿನಿಂದ ಹೊರಡುವ ಆವಿ ಗಾಜಿನ ಒಳಮೈ ಮೇಲೆ ಎಣ್ಣೆಪಸೆಯಾಗಿ ಕೂರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಎದುರು ಬಿಸಿಲಿನಲ್ಲಿ ಕ್ಯಾಮೆರಾಕ್ಕೆ ಚೆನ್ನಾಗಿಯೇ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಸ್ವಲ್ಪ ಹಚ್ಚಿದ ಮೈಕ್ರೋಫೈಬರ್ ಬಟ್ಟೆಯಿಂದ ಲೆನ್ಸಿನ ಮುಂದಿನ ಗಾಜನ್ನು ಒರೆಸಿ, ಬೇರೊಂದು ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಅದು ಹೋಗುತ್ತದೆ. ಸರ್ವಿಸ್ ಆದ ದಿನ ಡ್ಯಾಶ್‌ಬೋರ್ಡಿಗೆ ಮಿರಮಿರ ಮಿಂಚುವ ಪಾಲಿಶ್ ಬಳಿದುಕೊಡುವ ಪದ್ಧತಿಯೊಂದಿದೆಯಲ್ಲ, ಅದನ್ನು ಬೇಡವೆಂದು ಮೊದಲೇ ಹೇಳಿಬಿಡುವುದು ಕ್ಷೇಮ.

ಈಗ ಫಿಲ್ಟರಿನ ಸ್ಥಾನ. ಕಾರಿನ ಮೂತಿಯನ್ನು ಕಪ್ಪಾದ ಯಾವುದಾದರೂ ವಸ್ತುವಿನ ಕಡೆಗೆ, ಅಂದರೆ ನೆರಳಿನಲ್ಲಿರುವ ಗೋಡೆ, ದಟ್ಟ ಮರ, ತೆರೆದ ಗ್ಯಾರೇಜಿನ ಬಾಗಿಲು ಇಂಥದರ ಕಡೆಗೆ ತಿರುಗಿಸಿ ನಿಲ್ಲಿಸಿ. ಆದರೆ ಡ್ಯಾಶ್‌ಬೋರ್ಡಿನ ಮೇಲೆ ನೇರ ಬಿಸಿಲು ಬೀಳುತ್ತಿರಬೇಕು. ಲೆನ್ಸಿನ ಕೆಳಗೆ, ಡ್ಯಾಶ್‌ಬೋರ್ಡಿನ ಮೇಲೆ, ದಪ್ಪಕ್ಷರ ಮುದ್ರಿಸಿದ ಬಿಳಿ ಹಾಳೆಯೊಂದನ್ನಿಡಿ. ದಿನಪತ್ರಿಕೆಯ ಮುಖಪುಟವಾದರೂ ಸಾಕು. ಕ್ಯಾಮೆರಾದ ಪರದೆಯನ್ನು ನೋಡುವ ಬದಲು ವೈಫೈ ಮೂಲಕ ಫೋನಿನ ಆ್ಯಪ್ ತೆರೆದು ನೇರ ದೃಶ್ಯ ನೋಡಿ. ಬಳೆಯನ್ನು ನಿಧಾನವಾಗಿ ತಿರುಗಿಸಿದಂತೆ ಹಾಳೆಯ ಪ್ರತಿಬಿಂಬ ಮಂಕಾಗುತ್ತ ಹೋಗಿ, ಒಂದು ಹಂತದಲ್ಲಿ ಅಕ್ಷರಗಳೇ ಕಾಣದಂತಾಗಿ, ಮತ್ತೆ ಮೂಡಲಾರಂಭಿಸುತ್ತದೆ. ಅಕ್ಷರ ಮರೆಯಾದ ಜಾಗ ಮತ್ತು ಮತ್ತೆ ಮೂಡಿದ ಜಾಗ, ಎರಡನ್ನೂ ಗುರುತಿಸಿಕೊಂಡು ಅವುಗಳ ನಟ್ಟನಡುವೆ ಬಳೆಯನ್ನು ನಿಲ್ಲಿಸಿ. ಕನಿಷ್ಠ ಬಿಂದುವನ್ನೇ ಕಣ್ಣಳತೆಯಲ್ಲಿ ಹುಡುಕುವುದಕ್ಕಿಂತ ಈ ಕ್ರಮ ಹೆಚ್ಚು ನಂಬಲರ್ಹ. ಇಂಥ ಸ್ಥಾನಗಳು ಒಂದು ಪೂರ್ಣ ಸುತ್ತಿನಲ್ಲಿ ಎರಡಿವೆ, ಒಂದರ ಎದುರಿಗೆ ಇನ್ನೊಂದು, ಯಾವುದಾದರೂ ಆದೀತು. ಗಮನಿಸಬೇಕಾದದ್ದು ಪ್ರತಿಬಿಂಬವನ್ನೇ ಹೊರತು ಇಡೀ ಚಿತ್ರದ ಬೆಳಕನ್ನಲ್ಲ, ಏಕೆಂದರೆ ಕ್ಯಾಮೆರಾ ತಾನೇ ಎಕ್ಸ್‌ಪೋಶರ್ ಹೊಂದಿಸಿಕೊಳ್ಳುತ್ತಲೇ ಇರುವುದರಿಂದ ಆ ಬೆಳಕು ನಮ್ಮನ್ನು ದಾರಿತಪ್ಪಿಸುತ್ತದೆ.

ಸ್ಥಾನ ಸಿಕ್ಕಿದ ಮೇಲೆ ಬಳೆಯ ಮೇಲ್ತುದಿಯಲ್ಲಿ ಬಿಳಿ ನೇಲ್ ಪಾಲಿಶ್‌ನಿಂದ ಒಂದು ಚುಕ್ಕೆ, ಅದರ ಎದುರಿಗೆ ಕ್ಯಾಮೆರಾದ ಮೈಮೇಲೆ ಇನ್ನೊಂದು ಚುಕ್ಕೆ ಇಡಿ. ನಮ್ಮ ರಸ್ತೆಗಳ ಹಂಪು, ಹೊಂಡಗಳಿಗೆ ಸಡಿಲವಾದ ಬಳೆ ತಾನಾಗಿಯೇ ಸರಿದುಬಿಡುತ್ತದೆ. ಎರಡು ಚುಕ್ಕೆಗಳು ಎದುರುಬದುರಾಗಿವೆಯೇ ಎಂದು ಕಣ್ಣಾಡಿಸಿದರೆ ಸಾಕು, ಮತ್ತೆ ಪತ್ರಿಕೆ ಹಾಸುವ ಕೆಲಸವಿರುವುದಿಲ್ಲ.

ಉತ್ತರ: ಬೆಳಕಿನ_ಮೇಷ್ಟ್ರು

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಅದು ಏಕೆ ಕೆಲಸ ಮಾಡುತ್ತದೆ ಎಂಬುದನ್ನೂ ತಿಳಿದುಕೊಂಡರೆ ಯಾವ ಕಾರಿನಲ್ಲಿ ಎಷ್ಟು ಫಲ ನಿರೀಕ್ಷಿಸಬಹುದೆಂದು ಮೊದಲೇ ಅಂದಾಜು ಮಾಡಬಹುದು. ಪಿಯುಸಿಯ ಭೌತಶಾಸ್ತ್ರದಲ್ಲಿ ಬ್ರೂಸ್ಟರ್ ನಿಯಮವೆಂದು ಓದಿದ್ದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಗಾಜಿನಂಥ ಪಾರಕ ವಸ್ತುವಿನಿಂದ ಓರೆಯಾಗಿ ಪ್ರತಿಫಲಿಸುವ ಬೆಳಕು ಭಾಗಶಃ ಧ್ರುವೀಕರಣಗೊಳ್ಳುತ್ತದೆ, ಅಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿಗೆ ಸೀಮಿತವಾಗುತ್ತದೆ ಎಂಬುದನ್ನು ಫ್ರಾನ್ಸಿನ ಮಾಲ್ಯೂ 1808ರಲ್ಲಿ ಗಮನಿಸಿದರು. ಯಾವ ಕೋನದಲ್ಲಿ ಅದು ಪೂರ್ತಿಯಾಗಿ ಧ್ರುವೀಕರಣಗೊಳ್ಳುತ್ತದೆ ಎಂಬ ನಿಯಮವನ್ನು 1815ರಲ್ಲಿ ಡೇವಿಡ್ ಬ್ರೂಸ್ಟರ್ ಕೊಟ್ಟರು. ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) 1.5 ಇರುವ ಗಾಜಿಗೆ ಆ ಕೋನ, ಗಾಜಿಗೆ ಎಳೆದ ಲಂಬದಿಂದ ಅಳೆದರೆ, ಸುಮಾರು 56 ಡಿಗ್ರಿ. ಈಗ ನಿಮ್ಮ ಕಾರಿನ ಗಾಜನ್ನು ನೋಡಿ. ಇಂದಿನ ಕಾರುಗಳಲ್ಲಿ ಅದು ಬಹಳ ಮಲಗಿದಂತಿರುತ್ತದೆ. ಮಟ್ಟ ನೋಡುವ ಆ್ಯಪ್ ಇರುವ ಫೋನನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟರೆ ನೆಲದಿಂದ ಅದು ಎಷ್ಟು ಡಿಗ್ರಿ ಎದ್ದಿದೆ ಎಂದು ತಿಳಿಯುತ್ತದೆ. ಅದು 30 ಎಂದು ತೋರಿಸಿದರೆ, ನೇರ ಮುಂದಕ್ಕೆ ನೋಡುವ ಕ್ಯಾಮೆರಾದ ದೃಷ್ಟಿರೇಖೆ ಗಾಜನ್ನು 60 ಡಿಗ್ರಿ ಪತನಕೋನದಲ್ಲಿ (ಲಂಬದಿಂದ ಅಳೆದ ಕೋನ, ಅಂದರೆ 90ರಿಂದ 30 ಕಳೆದದ್ದು) ಸಂಧಿಸುತ್ತದೆ. 34 ಎಂದು ತೋರಿಸಿದರೆ ಬ್ರೂಸ್ಟರ್ ಕೋನವೇ ಆಯಿತು. ಕಾರು ವಿನ್ಯಾಸಕರು ಗಾಳಿಯ ತಡೆ ಕಡಿಮೆ ಮಾಡಲೆಂದು ಗಾಜನ್ನು ಮಲಗಿಸಿದರು. ಅದರಿಂದ ನಮಗೊದಗಿದ ಈ ಅನುಕೂಲ ಅವರ ಲೆಕ್ಕದಲ್ಲಿ ಇದ್ದಿರಲಾರದು.

ಲೆಕ್ಕ ಹೀಗಿದೆ. 60 ಡಿಗ್ರಿ ಕೋನದಲ್ಲಿ ಗಾಜಿನ ಒಂದು ಮೇಲ್ಮೈ, ಅಡ್ಡಡ್ಡಲಾಗಿ ಕಂಪಿಸುವ ಬೆಳಕಿನ ಸುಮಾರು ಶೇ 18ರಷ್ಟನ್ನು ಪ್ರತಿಫಲಿಸುತ್ತದೆ; ಅದಕ್ಕೆ ಲಂಬವಾಗಿ, ಅಂದರೆ ಮೇಲೆ ಕೆಳಗೆ ಕಂಪಿಸುವ ಬೆಳಕಿನಲ್ಲಿ ಶೇ 0.2ರಷ್ಟನ್ನು ಮಾತ್ರ. ಗಾಜಿಗೆ ಒಳಮೈ, ಹೊರಮೈ ಎಂದು ಎರಡು ಮೇಲ್ಮೈಗಳಿರುವುದರಿಂದ ಎರಡೂ ಕಡೆಯಿಂದ ಪ್ರತಿಬಿಂಬ ಮೂಡುತ್ತದೆ, ಆದರೆ ಎರಡರ ಸ್ವಭಾವವೂ ಒಂದೇ. ಫಿಲ್ಟರ್ ಮಾಡುವ ಕೆಲಸವಿಷ್ಟೇ: ಅಡ್ಡ ಕಂಪನವನ್ನು ತಡೆದು ಲಂಬ ಕಂಪನವನ್ನು ಒಳಬಿಡುವುದು. ಜೊತೆಗೆ ಇನ್ನೊಂದು ಲಾಭವಿದೆ. ಹೊರಗಿನ ದೃಶ್ಯದ ಬೆಳಕು ಓರೆಗಾಜನ್ನು ಹಾದು ಬರುವಾಗ ಲಂಬ ಕಂಪನವೇ ಹೆಚ್ಚು ಪಾಲಿನಲ್ಲಿ ದಾಟಿ ಬಂದಿರುತ್ತದೆ. ಹಾಗಾಗಿ ಸರಿಯಾದ ಸ್ಥಾನದಲ್ಲಿರುವ ಫಿಲ್ಟರ್ ಪ್ರತಿಬಿಂಬವನ್ನು ತಡೆಯುವಷ್ಟು ಕಟ್ಟುನಿಟ್ಟಾಗಿ ರಸ್ತೆಯ ದೃಶ್ಯವನ್ನು ತಡೆಯುವುದಿಲ್ಲ.

ಬಳೆ ಸ್ವಲ್ಪ ಆಚೀಚೆಯಾದರೆ ಏನಾಗುತ್ತದೆ ಎಂಬುದಕ್ಕೂ, ಧ್ರುವಕವನ್ನು ತಿರುಗಿಸಿದಂತೆ ದಾಟುವ ಬೆಳಕು ಎಷ್ಟು ಬದಲಾಗುತ್ತದೆ ಎಂದು ಹೇಳುವ ಮಾಲ್ಯೂ ನಿಯಮದಲ್ಲಿ ಉತ್ತರವಿದೆ. ಸರಿಯಾದ ಸ್ಥಾನದಿಂದ 5 ಡಿಗ್ರಿ ತಪ್ಪಿದರೆ ತಡೆಯಬೇಕಾದ ಬೆಳಕಿನಲ್ಲಿ ಶೇ 1ಕ್ಕಿಂತ ಕಡಿಮೆ, 10 ಡಿಗ್ರಿ ತಪ್ಪಿದರೆ ಶೇ 3ರಷ್ಟು, 20 ಡಿಗ್ರಿ ತಪ್ಪಿದರೆ ಶೇ 12ರಷ್ಟು ನುಸುಳುತ್ತದೆ. ಆದ್ದರಿಂದ ಕೂದಲೆಳೆಯಷ್ಟು ನಿಖರತೆ ಬೇಕಿಲ್ಲ. ಆದರೂ ಫಿಲ್ಟರನ್ನು ಕೈಯಲ್ಲೇ ಹೊಂದಿಸಿ ನೆಟ್ಟಗೆ ಕೂರಿಸಿಬಿಡುವುದಕ್ಕಿಂತ ಕಾರಿನಲ್ಲೇ ಸರಿಮಾಡುವುದು ಮೇಲು, ಏಕೆಂದರೆ ಗಾಜು ಅಕ್ಕಪಕ್ಕಕ್ಕೂ ಬಾಗಿರುತ್ತದೆ. ಕ್ಯಾಮೆರಾ ನಡುವಿನಿಂದ ಎಡಕ್ಕೆ ಸರಿದಷ್ಟೂ ಸರಿಯಾದ ಸ್ಥಾನ ನೆಟ್ಟಗಿನಿಂದ ಸ್ವಲ್ಪ ವಾಲುತ್ತದೆ.

ಫಿಲ್ಟರ್ ಕೊಳ್ಳುವವರಿಗೆ ಒಂದು ಮಾತು. ಸಿಪಿಎಲ್ ಎಂದರೆ ಮುಂದೆ ರೇಖೀಯ ಧ್ರುವಕ (ಒಂದೇ ದಿಕ್ಕಿನ ಕಂಪನವನ್ನು ಒಳಬಿಡುವ ಹಾಳೆ), ಅದರ ಹಿಂದೆ ಕಾಲು ತರಂಗ ಫಲಕ (ಹಾಗೆ ಬಂದ ಬೆಳಕಿನ ಕಂಪನವನ್ನು ವೃತ್ತಾಕಾರಕ್ಕೆ ತಿರುಗಿಸುವ ಪದರ). ಈ ಹಿಂದಿನ ಫಲಕ ಬೇಕಾಗಿದ್ದು ಎಸ್‌ಎಲ್‌ಆರ್ ಕ್ಯಾಮೆರಾಗಳ ಒಳಗನ್ನಡಿ ಮತ್ತು ಫೋಕಸ್ ವ್ಯವಸ್ಥೆಗೆ. ಫೋಕಸ್ ಸ್ಥಿರವಾಗಿರುವ ಡ್ಯಾಶ್‌ಕ್ಯಾಮ್‌ಗೆ ಅದರ ಅಗತ್ಯವೇ ಇಲ್ಲ, ಇದ್ದರೆ ನಷ್ಟವೂ ಇಲ್ಲ. ಆದರೆ ಅದರಿಂದಾಗಿ ಫಿಲ್ಟರಿಗೆ ಹಿಂದು ಮುಂದು ಎಂಬುದು ಹುಟ್ಟಿಕೊಳ್ಳುತ್ತದೆ. ತಿರುವುಮುರುವಾಗಿ ಕೂರಿಸಿದರೆ ಎಷ್ಟು ತಿರುಗಿಸಿದರೂ ಪ್ರತಿಬಿಂಬ ಕದಲುವುದಿಲ್ಲ, ಚಿತ್ರ ಮಾತ್ರ ಮಂಕಾಗುತ್ತದೆ. ನಿಮಗೆ ತಿರುಗಿಸಿದಾಗ ವ್ಯತ್ಯಾಸ ಕಾಣುತ್ತಿದೆ ಎಂದಿರಿ, ಆದ್ದರಿಂದ ನಿಮ್ಮದು ಸರಿಯಾಗಿಯೇ ಕೂತಿದೆ. ಸಂದೇಹವಿರುವವರು ಕ್ಯಾಮೆರಾ ಕಡೆಯ ಮುಖವನ್ನು ತಮ್ಮ ಕಣ್ಣಿನ ಕಡೆಗೆ ಹಿಡಿದು, ಕ್ಯಾಲ್ಕ್ಯುಲೇಟರಿನ ಅಂಕಿಗಳನ್ನೋ ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನೋ ನೋಡುತ್ತ ತಿರುಗಿಸಲಿ. ಒಂದು ಸ್ಥಾನದಲ್ಲಿ ಪರದೆ ಪೂರ್ತಿ ಕಪ್ಪಾಗಬೇಕು.

ಗಾಜು ನೆಟ್ಟಗಿರುವ ಬಸ್ಸು, ಲಾರಿಗಳಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ. ಅಲ್ಲಿ ಪತನಕೋನ ತೀರಾ ಚಿಕ್ಕದು, ಎರಡೂ ಕಂಪನಗಳು ಶೇ 4ರ ಆಸುಪಾಸಿನಲ್ಲಿ ಸಮಸಮವಾಗಿ ಪ್ರತಿಫಲಿಸುತ್ತವೆ, ಫಿಲ್ಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಅಂದಹಾಗೆ, ಹಾಳೆಯ ರೂಪದ ಧ್ರುವಕವನ್ನು ರೂಪಿಸಿದ ಎಡ್ವಿನ್ ಲ್ಯಾಂಡ್ ಅವರಿಗೆ ಮೊದಲಿಗಿದ್ದ ಉದ್ದೇಶಗಳಲ್ಲೊಂದು ಎದುರು ವಾಹನದ ಹೆಡ್‌ಲೈಟ್ ಕೋರೈಸುವುದನ್ನು ತಪ್ಪಿಸುವುದಾಗಿತ್ತು. ವಾಹನ ತಯಾರಕರು ಅದನ್ನು ಅಳವಡಿಸಿಕೊಳ್ಳಲಿಲ್ಲ. ಅದೇ ವಸ್ತು ಈಗ ಕಾರಿನೊಳಗೆ ಬೇರೊಂದು ದಾರಿಯಿಂದ ಬಂದು ಕೂತಿದೆ.

ಮರುಪ್ರಶ್ನೆ: ಮಂಡ್ಯ_ಪಯಣಿಗ

ಇಬ್ಬರಿಗೂ ಅನಂತ ಧನ್ಯವಾದಗಳು. ಪತ್ರಿಕೆ ಹಾಸಿ ನೋಡಿದೆ. ತಲೆಬರಹದ ಅಕ್ಷರಗಳು ಫೋನಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು, ಬಳೆ ತಿರುಗಿಸಿದಂತೆ ಒಂದೊಂದಾಗಿ ಕರಗಿಹೋದವು; ಗಣಪತಿಯೂ ರಸ್ತೆಯಿಂದ ಇಳಿದು ತನ್ನ ಪೀಠಕ್ಕೆ ಮರಳಿದ್ದಾನೆ. ಗಾಜಿನ ಇಳಿಜಾರು ಫೋನಿನಲ್ಲಿ ಅಳೆದರೆ ಮೇಷ್ಟ್ರು ಹೇಳಿದ 30ರ ಹತ್ತಿರವೇ ಬರುತ್ತದೆ. ಚಿತ್ರದ ನಡುಭಾಗ ಈಗ ನನಗೆ ಬೇಕಾದಂತೆಯೇ ಇದೆ.

ಆದರೆ ಎಡ ಮತ್ತು ಬಲ ಅಂಚುಗಳಲ್ಲಿ, ವಿಶೇಷವಾಗಿ ಬಲಗಡೆ ಮೂಲೆಯಲ್ಲಿ, ಪ್ರತಿಬಿಂಬ ಇನ್ನೂ ಉಳಿದಿದೆ. ಅಲ್ಲಿ ಹೋಗುವಂತೆ ತಿರುಗಿಸಿದರೆ ನಡುವೆ ಮತ್ತೆ ಮೂಡುತ್ತದೆ. ಇದಕ್ಕೆ ದಾರಿಯಿದೆಯೇ? ಮತ್ತೆ, ರಾತ್ರಿ ಹೊತ್ತು ಫಿಲ್ಟರ್ ಹಾಗೆಯೇ ಇರಬಹುದೇ, ತೆಗೆದಿಡಬೇಕೇ? ಹಿಂದಿನ ಕ್ಯಾಮೆರಾಕ್ಕೂ ಒಂದು ಹಾಕಿಸುವ ಯೋಚನೆಯಿದೆ.

ಉತ್ತರ: ಘಟ್ಟದ_ಸವಾರ

ರಾತ್ರಿಯ ವಿಷಯ ನಾನು ಹೇಳುತ್ತೇನೆ. ಬಾಡಿಗೆ ವಾಹನ ಓಡಿಸುವವನಾದ್ದರಿಂದ ಶಿರಾಡಿ, ಚಾರ್ಮಾಡಿ ಘಟ್ಟಗಳಲ್ಲಿ ಹೊತ್ತುಗೊತ್ತಿಲ್ಲದೆ ಸಂಚರಿಸಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕತ್ತಲಾದ ಮೇಲೆ ಫಿಲ್ಟರ್ ತೆಗೆಯುವುದೇ ಸರಿ. ಕಾರಣ ಸರಳ: ಫಿಲ್ಟರ್ ಒಂದರಿಂದ ಎರಡು ಸ್ಟಾಪ್‌ನಷ್ಟು ಬೆಳಕನ್ನು ನುಂಗುತ್ತದೆ, ಅಂದರೆ ಅರ್ಧವೋ ಅದಕ್ಕಿಂತ ಹೆಚ್ಚೋ. ಹಗಲಿನಲ್ಲಿ ಬೆಳಕು ಧಾರಾಳವಾಗಿರುವುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿ ಆ ಕೊರತೆಯನ್ನು ತುಂಬಲು ಕ್ಯಾಮೆರಾ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ ಮೂವತ್ತರಲ್ಲೊಂದು ಭಾಗ ಶಟರ್ ತೆರೆದಿದ್ದರೆ, ಗಂಟೆಗೆ 80 ಕಿ.ಮೀ. ವೇಗದ ವಾಹನ ಅಷ್ಟರಲ್ಲೇ ಮುಕ್ಕಾಲು ಮೀಟರಿನಷ್ಟು ಸಾಗಿರುತ್ತದೆ. ಎದುರಿನಿಂದ ಬರುವ ವಾಹನವಾದರೆ ಇಬ್ಬರ ವೇಗವೂ ಕೂಡಿ ಒಂದೂವರೆ ಮೀಟರಿನ ಹತ್ತಿರ. ಅಂಥ ಚಿತ್ರದಲ್ಲಿ ನಂಬರ್ ಪ್ಲೇಟ್ ಬಿಳಿ ಪಟ್ಟಿಯಾಗಿ ಎಳೆದುಕೊಂಡಿರುತ್ತದೆಯೇ ಹೊರತು ಅಂಕಿ ಕಾಣುವುದಿಲ್ಲ. ರಾತ್ರಿ ಡ್ಯಾಶ್‌ಬೋರ್ಡಿನ ಮೇಲೆ ಬೆಳಕೇ ಇಲ್ಲದಿರುವಾಗ ಇಲ್ಲದ ಪ್ರತಿಬಿಂಬವನ್ನು ತಡೆಯಲು ಇರುವ ಅಲ್ಪಸ್ವಲ್ಪ ಬೆಳಕನ್ನು ಕಳೆದುಕೊಳ್ಳುವುದೇಕೆ?

ಇದೇ ಕಾರಣಕ್ಕೆ ನಾನು ಅಂಟಿಸುವ ಬಗೆಯ ಫಿಲ್ಟರಿಗಿಂತ ಅಯಸ್ಕಾಂತದಿಂದ ಕೂರುವ, ಇಲ್ಲವೇ ಕ್ಲಿಪ್ಪಿನಂತೆ ಸಿಕ್ಕಿಸುವ ಬಗೆಯನ್ನು ಮೆಚ್ಚುತ್ತೇನೆ. ತೆಗೆದು ಹಾಕುವಾಗ ಮೇಲೆ ಹೇಳಿದ ಚುಕ್ಕೆಗಳು ನಿಜಕ್ಕೂ ಉಪಕಾರಕ್ಕೆ ಬರುತ್ತವೆ. ಊರೊಳಗೆ ಬೀದಿದೀಪದ ಕೆಳಗಷ್ಟೇ ರಾತ್ರಿ ಓಡಾಡುವವರು ಬೇಕಾದರೆ ಹಾಗೆಯೇ ಬಿಡಬಹುದು, ಅವರಿಗೆ ಅಷ್ಟೇನೂ ನಷ್ಟವಾಗಲಾರದು.

ಮಳೆಗಾಲದ ಹಗಲಿನಲ್ಲಿ ಮಾತ್ರ ಇದು ಬಹಳ ಉಪಯುಕ್ತ. ನೆನೆದ ಡಾಂಬರಿನ ಹೊಳಪೂ ಅಡ್ಡ ಕಂಪನದ್ದೇ ಆದ್ದರಿಂದ ಅದೂ ಕಡಿಮೆಯಾಗಿ, ರಸ್ತೆಯ ಬಿಳಿ ಗೆರೆಗಳು ವಿಡಿಯೊದಲ್ಲಿ ಸ್ಪಷ್ಟವಾಗಿ ಉಳಿಯುತ್ತವೆ. ದಟ್ಟ ಮಂಜಿಗೆ ಇದರಿಂದ ಏನೂ ಆಗುವುದಿಲ್ಲ.

ಬಿಸಿಲಿನಲ್ಲಿ ನಿಲ್ಲಿಸುವ ಗಾಡಿಯಾದರೆ ಫಿಲ್ಟರಿನ ಬಣ್ಣದ ಮೇಲೊಂದು ಕಣ್ಣಿಟ್ಟಿರಿ. ಧ್ರುವೀಕರಿಸುವ ಹಾಳೆ ಬಹುಕಾಲ ಕಾವು ಮತ್ತು ತೇವಕ್ಕೆ ಸಿಕ್ಕರೆ ಕೆಡುತ್ತದೆ. ಬಿಳಿ ಕಾಗದದ ಮೇಲಿಟ್ಟಾಗ ಸಮನಾದ ಬೂದುಬಣ್ಣದ ಬದಲು ಕಂದು ಛಾಯೆ, ಅಂಚಿನಲ್ಲಿ ಕಲೆ ಕಂಡರೆ ಬದಲಾಯಿಸುವುದು ಒಳ್ಳೆಯದು. ಸನ್‌ಶೇಡ್ ಹಾಕಿ ನಿಲ್ಲಿಸುವವರು ಅದನ್ನು ಕ್ಯಾಮೆರಾ ಮತ್ತು ಗಾಜಿನ ನಡುವೆ ತುರುಕುವಾಗ ಬಳೆ ತಿರುಗಿಹೋಗುವುದುಂಟು, ಅದನ್ನೂ ಗಮನಿಸಿ.

ಉತ್ತರ: ಗೇರ್‌ಬಾಕ್ಸ್_ಹಾಸನ

ಅಂಚಿನ ಪ್ರತಿಬಿಂಬಕ್ಕೆ ಫಿಲ್ಟರಿನಿಂದ ಪೂರ್ಣ ಪರಿಹಾರ ಸಿಗುವುದಿಲ್ಲ. ನಿಮ್ಮ ಲೆನ್ಸ್ ಬಹಳ ಅಗಲವಾಗಿ ನೋಡುತ್ತದೆ. ನಡುವಿನ ಕಿರಣ ಗಾಜನ್ನು ಮುಟ್ಟುವ ಓರೆ ಒಂದು, ಅಂಚಿನ ಕಿರಣ ಮುಟ್ಟುವ ಓರೆ ಇನ್ನೊಂದು. ಒಂದೇ ಫಿಲ್ಟರ್ ಎರಡಕ್ಕೂ ಏಕಕಾಲದಲ್ಲಿ ಹೊಂದಿಕೊಳ್ಳಲಾರದು. ನಂಬರ್ ಪ್ಲೇಟ್ ಓದಲು ಸಿಗುವುದು ಹೆಚ್ಚಾಗಿ ಚಿತ್ರದ ನಡುಭಾಗದಲ್ಲೇ ಆದ್ದರಿಂದ ಬಳೆಯನ್ನು ನಡುವಿಗೆ ಹೊಂದಿಸಿ, ಅಂಚನ್ನು ಬೇರೆ ರೀತಿಯಲ್ಲಿ ನಿಭಾಯಿಸಿ.

ಆ ಬೇರೆ ರೀತಿಯೆಂದರೆ ಡ್ಯಾಶ್‌ಬೋರ್ಡನ್ನೇ ಕಪ್ಪಾಗಿಸುವುದು. ಕೆನೆಬಣ್ಣದ ಡ್ಯಾಶ್‌ಬೋರ್ಡ್ ನೋಡಲು ಚೆಂದ, ಕ್ಯಾಮೆರಾಕ್ಕೆ ಶತ್ರು. ಆ ಮಾದರಿಯ ಕಾರಿಗೆಂದೇ ಕತ್ತರಿಸಿದ, ಹೊಳಪಿಲ್ಲದ ಕಡುಬಣ್ಣದ ಡ್ಯಾಶ್‌ಬೋರ್ಡ್ ಮ್ಯಾಟ್‌ಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಎರಡು ವಿಷಯ ನೋಡಿ: ಪ್ರಯಾಣಿಕರ ಬದಿಯ ಏರ್‌ಬ್ಯಾಗ್ ಹೊರಬರುವ ಮುಚ್ಚಳದ ಮೇಲೆ ಅದು ಹಾಸಿಕೊಳ್ಳಬಾರದು, ಮತ್ತು ಗಾಜಿನ ಬುಡದಲ್ಲಿರುವ ಗಾಳಿಕಿಂಡಿಯನ್ನು ಮುಚ್ಚಬಾರದು. ಬಲಗಡೆ ಹೆಚ್ಚಾಗಿ ಕಾಣುತ್ತಿದೆ ಎಂದರೆ ಮೀಟರಿನ ಮೇಲಿನ ಚಾವಣಿಯಂಥ ಭಾಗದ ಮೇಲೆ ಬಿಸಿಲು ಬೀಳುತ್ತಿರಬೇಕು. ಅಷ್ಟಕ್ಕೆ ಮಾತ್ರ ಕಪ್ಪು ಫೆಲ್ಟ್ ಬಟ್ಟೆಯ ತುಂಡನ್ನು ಹಾಕಿ ನೋಡಿ, ಮ್ಯಾಟಿನ ಖರ್ಚು ಉಳಿದರೂ ಉಳಿಯಬಹುದು. ಲೆನ್ಸು ಗಾಜಿಗೆ ಹತ್ತಿರವಾದಷ್ಟೂ ಒಳ್ಳೆಯದು. ನಡುವಿನ ಸಂದಿನಲ್ಲಿ ಕೆಳಭಾಗಕ್ಕೆ ಕಪ್ಪು ರಬ್ಬರಿನ ಚಿಕ್ಕ ಮರೆ ಅಂಟಿಸಿದರೆ ಡ್ಯಾಶ್‌ಬೋರ್ಡಿನಿಂದ ಏರಿ ಬರುವ ಬೆಳಕು ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಹೊಂದಾಣಿಕೆಯಿದೆ. ಫಿಲ್ಟರ್ ಹಾಕಿದ ಮೇಲೆ ಮುಂದಿನ ವಾಹನದ ಬಿಳಿ ಪ್ಲೇಟ್ ಬಿಸಿಲಿನಲ್ಲಿ ಬೆಳ್ಳಗೆ ಉಕ್ಕಿಹೋದಂತೆ ಕಂಡರೆ ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಎಕ್ಸ್‌ಪೋಶರನ್ನು ಒಂದು ಮೆಟ್ಟಿಲು ಇಳಿಸಿ, ಸಂಜೆ ಮತ್ತೆ ಸೊನ್ನೆಗೆ ತನ್ನಿ.

ಹಿಂದಿನ ಕ್ಯಾಮೆರಾಕ್ಕೆ ಫಿಲ್ಟರ್ ಹಾಕಿಸಬೇಡಿ ಎಂದೇ ಹೇಳುತ್ತೇನೆ. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಬೆಸೆದದ್ದು. ಹಿಂದಿನದು ಸಾಮಾನ್ಯವಾಗಿ ಟಫನ್ಡ್ ಗಾಜು. ಅದನ್ನು ಗಟ್ಟಿಗೊಳಿಸುವಾಗ ಕಾಯಿಸಿ ಥಟ್ಟನೆ ತಣಿಸುವುದರಿಂದ ಒಳಗೆ ಒತ್ತಡದ ಗುರುತುಗಳು ಉಳಿಯುತ್ತವೆ, ಬರಿಗಣ್ಣಿಗೆ ಅವು ಅಷ್ಟಾಗಿ ಕಾಣುವುದಿಲ್ಲ. ಧ್ರುವಕದ ಮೂಲಕ ನೋಡಿದ ಕೂಡಲೇ ಅವೇ ಗುರುತುಗಳು ಸಾಲುಸಾಲಾದ ಬಣ್ಣದ ಮಚ್ಚೆಗಳಾಗಿ ಎದ್ದು ಕಾಣುತ್ತವೆ, ನೀಲಿ ಆಕಾಶವಿರುವಾಗ ಇನ್ನೂ ಹೆಚ್ಚು. ಧ್ರುವೀಕರಿಸುವ ತಂಪುಕನ್ನಡಕ ಹಾಕಿಕೊಂಡು ಹಿಂದಿನ ಗಾಜನ್ನು ಒಮ್ಮೆ ನೋಡಿದರೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಅಲ್ಲಿ ಪ್ರತಿಬಿಂಬದ ತೊಂದರೆಯಿದ್ದರೆ ಹಿಂದಿನ ಸೀಟಿನಾಚೆಯ ಹಲಗೆಯ ಮೇಲಿರುವ ಬಣ್ಣಬಣ್ಣದ ಕುಶನ್‌ಗಳನ್ನೂ ಟಿಶ್ಯೂ ಪೆಟ್ಟಿಗೆಯನ್ನೂ ಎತ್ತಿಬಿಡಿ, ಅದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.